ಬೆಟ್ಟಸ್ವಾಮಿಯವರು ಕಳೆದುಕೊಂಡ ಊರು

ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವರಿಗೆ ಊರಿನ ದೊಡ್ಡ ಮನುಷ್ಯರ ಮೇಲೆ ಗೌರವ ಉಳಿಸಿಕೊಳ್ಳುವುದು ಬಹಳ ಕಷ್ಟ. ವೇದಿಕೆ ಮೇಲೆ ಶಾಲು ಹೊದಿಸಿಕೊಂಡವರ ಕಂಪ್ಯೂಟರಿನ ಒಳಗೆ ಏನೇನಿದೆ ಎಂದು ನೋಡಿದ ಮೇಲೆ, ರಸ್ತೆಯಲ್ಲಿ ಅವರು ಎದುರಾದಾಗ ಮುಖ ಗಂಟಿಕ್ಕಿಕೊಂಡೇ ನಮಸ್ಕಾರ ಮಾಡಬೇಕಾಗುತ್ತದೆ. ಇಲ್ಲದಿದ್ದರೆ ನಗು ಬಂದುಬಿಡುತ್ತದೆ.

ತಿಪಟೂರಿನ ಬಸ್ ಸ್ಟ್ಯಾಂಡ್ ಹಿಂದಿನ ಸಾಲಿನಲ್ಲಿ ನಮ್ಮ ಅಂಗಡಿ. ಮುಂದಿನ ಅರ್ಧದಲ್ಲಿ ಅಬ್ಬಾ ರಹಮತುಲ್ಲಾ ಅವರ ಹೊಲಿಗೆ ಯಂತ್ರ, ಹಿಂದಿನ ಅರ್ಧದಲ್ಲಿ ನಾನು ಮತ್ತು ಬಿಚ್ಚಿಟ್ಟ ಕಂಪ್ಯೂಟರುಗಳು. ಗಿರಾಕಿಗಳ ಸೊಂಟದ ಅಳತೆಯ ಗುಟ್ಟು ಅಬ್ಬಾ ಕಾಪಾಡುತ್ತಾರೆ, ಉಳಿದ ಗುಟ್ಟುಗಳನ್ನು ನಾನು ಕಾಪಾಡುತ್ತೇನೆ. ಈ ಕುಬ್ರಾಳ ಬಾಯಿ ಜೋರು ಎಂದು ನನ್ನನ್ನು ಆಡಿಕೊಳ್ಳುವವರೂ ಕುಬ್ರಾ ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಿದಳು ಎಂದು ಹೇಳಲಾರರು. ಈ ಒಂದು ವಿಷಯವನ್ನು ಮಾತ್ರ ಹೇಳುತ್ತಿದ್ದೇನೆ. ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬರಿಸಿಕೊಳ್ಳುತ್ತದೆ.

ಬೆಟ್ಟಸ್ವಾಮಿಯವರ ಕೊಬ್ಬರಿ ಮಂಡಿ ಯಾರಿಗೆ ಗೊತ್ತಿಲ್ಲ? ಹಣೆಯ ತುಂಬ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಹೆಗಲ ಮೇಲೊಂದು ಶಾಲು, ಯಾವ ಕಾಲೇಜಿನಲ್ಲಿ ಯಾವ ಸಮಾರಂಭವಾದರೂ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ. ಅವರ ಭಾಷಣದ ವಿಷಯ ಯಾವಾಗಲೂ ಒಂದೇ, ಯುವಕರನ್ನು ಹಾಳು ಮಾಡುತ್ತಿರುವ ಕಂಪ್ಯೂಟರ್ ಗೇಮು ಮತ್ತು ಮೊಬೈಲ್ ಗೇಮು. "ಬೆರಳಿನ ಆಟ ಬಿಡಿ, ಬೆವರಿನ ಊಟ ಮಾಡಿ" ಎಂದು ಸ್ವಂತವಾಗಿ ಒಂದು ಘೋಷಣೆಯನ್ನೂ ಕಟ್ಟಿದ್ದರು. ಅದನ್ನು ಮಕ್ಕಳಿಂದ ಮೂರು ಸಲ ಕೂಗಿಸದೆ ವೇದಿಕೆ ಇಳಿಯುತ್ತಿರಲಿಲ್ಲ. ಅವರು ಬೆವರಿದ್ದನ್ನು ನಾನಂತೂ ನೋಡಿರಲಿಲ್ಲ, ಮಂಡಿಯ ಅವರ ಕೋಣೆಗೆ ಏಸಿ ಇದೆ.

ಆಯುಧ ಪೂಜೆಗೆ ಮಂಡಿಗಳಲ್ಲಿ ತಕ್ಕಡಿ, ಲಾರಿ, ಕಾಯಿ ಸುಲಿಯುವ ಗೂಟ ಎಲ್ಲವನ್ನೂ ತೊಳೆದು ವಿಭೂತಿ ಬಳಿಯುತ್ತಾರೆ. ಕಂಪ್ಯೂಟರಿಗೂ ಮೂರು ಪಟ್ಟೆ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ ಹಾರ. ಈ ವರ್ಷ ಬೆಟ್ಟಸ್ವಾಮಿಯವರಿಗೆ ಹೊಸದೊಂದು ಜ್ಞಾನೋದಯವಾಯಿತು. ಹಬ್ಬದ ಬೆಳಿಗ್ಗೆ ನನ್ನನ್ನು ಮಂಡಿಗೆ ಕರೆಸಿ, ಹಮಾಲರು, ಅಯ್ಯನವರು, ಹೆಂಡತಿ ಗಿರಿಜಾಂಬಿಕಾ ಎಲ್ಲರೂ ನಿಂತಿದ್ದ ಹಾಗೇ ಅಪ್ಪಣೆ ಮಾಡಿದರು.

"ಹೊರಗಡೆ ಒರೆಸಿದ್ರೆ ಸಾಕೇನಮ್ಮ ಕುಬ್ರಾ? ಒಳಗಿನ ಕೊಳೆ ಹಂಗೇ ಇರ್ತೈತಲ್ಲ. ಈ ಸಲ ಒಳಗೂ ತೊಳಿ."

ಒಳಗೆ ತೊಳೆಯುವುದೆಂದರೆ ಫಾರ್ಮ್ಯಾಟ್ ಮಾಡುವುದು, ಇರುವುದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡುವುದು. ಸುಣ್ಣ ಬಳಿದ ಹಾಗಲ್ಲ, ಮನೆಯನ್ನೇ ಕೆಡವಿ ಮತ್ತೆ ಕಟ್ಟಿದ ಹಾಗೆ. ನಾನು ಎಚ್ಚರಿಸಿದೆ.

"ಎಲ್ಲಾ ಹೋಯ್ತದೆ ಯಜಮಾನ್ರೇ. ಉಳಿಸ್ಬೇಕಾದ್ದು ಏನಾದ್ರೂ ಇದ್ರೆ ಈಗ್ಲೇ ಹೇಳ್ಬುಡಿ."

"ಲೆಕ್ಕ ಎಲ್ಲಾ ಆಡಿಟರ್ ತಾವ ಐತೆ. ಇನ್ನೇನೈತೆ ಇದ್ರಾಗೆ ನಂದು?"

ಗಿರಿಜಾಂಬಿಕಾ ಅಮ್ಮನವರು ಹೂವಿನ ಬುಟ್ಟಿ ಹಿಡಿದುಕೊಂಡೇ ಕೇಳಿದರು, "ಕೋಳಿ ಕೂಗೋದೊಂದು ಇತ್ತಲ್ಲ, ಅದೂ ಹೋಯ್ತದೇನ್ರೀ? ಮಧ್ಯಾಹ್ನ ಫೋನ್ ಮಾಡಿದ್ರೆ ಹಿಂದಗಡೆ ಕೊಕ್ಕೊಕ್ಕೋ ಅಂತಿತ್ತಪ್ಪ."

"ಯಾವ ಕೋಳಿನೇ? ಲಿಂಗ ಕಟ್ಟಿರೋರ ಮಂಡಿನಾಗೆ ಕೋಳಿ ಎಲ್ಲಿಂದ ಬತ್ತೈತೆ?" ಎಂದು ಯಜಮಾನರು ಗದರಿದರು. ಹಮಾಲರು ಮೇಲೆ ಸೂರು ನೋಡಿದರು. ಯಜಮಾನರು ಎದೆಯ ಜೇಬನ್ನೊಮ್ಮೆ ಮುಟ್ಟಿ ನೋಡಿಕೊಂಡು, ಧೈರ್ಯವಾಗಿ, "ಅಳಿಸಮ್ಮ, ಎಲ್ಲಾ ಅಳಿಸು," ಎಂದರು. ಅಳಿಸಿದೆ. ಹೊರಗೆ ಬೂದುಗುಂಬಳಕಾಯಿ ಒಡೆದರು.

ಹಬ್ಬ ಕಳೆದು ಮಂಡಿ ತೆರೆದ ದಿನವೇ ಬೆಟ್ಟಸ್ವಾಮಿಯವರು ನಮ್ಮ ಅಂಗಡಿಗೆ ಬಂದರು. ಕಾರನ್ನು ಎಲ್ಲೋ ದೂರದಲ್ಲಿ ನಿಲ್ಲಿಸಿ ನಡೆದು ಬಂದಿದ್ದರು. ಅಬ್ಬಾ ಮಧ್ಯಾಹ್ನದ ನಮಾಜಿಗೆ ಎದ್ದುಹೋಗುವ ತನಕ ಅಂಗಿ ಹೊಲಿಸುವವರ ಹಾಗೆ ಬಟ್ಟೆ ಮುಟ್ಟಿ ನೋಡುತ್ತಾ ನಿಂತಿದ್ದು, ಆಮೇಲೆ ಒಳಗೆ ಬಂದು ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು. ಅದಕ್ಕೂ ಮೂರು ಪಟ್ಟೆ ವಿಭೂತಿ ಇತ್ತು.

"ನಮ್ಮಕ್ಕನ ಮಗಂದು ಕಣಮ್ಮ. ಎಂಥದೋ ಗೇಮಂತೆ. ಅವನ ಊರು ಇದ್ರಾಗೈತಂತೆ, ತೆಗೆದುಕೊಡು. ನಾನು ತೆಗೆಯಾಕೆ ಹೋದ್ರೆ ಬರ್ತಾ ಇಲ್ಲ."

ಪೆನ್‌ಡ್ರೈವಿನ ಬಾಯಿಯ ತುಂಬ ಕುಂಕುಮ ಮೆತ್ತಿಕೊಂಡಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಊದಿ, ಚುಚ್ಚಿ ನೋಡಿದೆ. ಒಳಗೆ ಇದ್ದದ್ದು ಒಂದೇ ಒಂದು ಚಿತ್ರ, ಮೂಲೆಯಲ್ಲಿ ಬಗ್ಗಿದ ಪುಟ್ಟ ಬಾಣದ ಗುರುತು. ಪರದೆಯ ಮೇಲೆ ಒತ್ತಿದರೆ ಆಟ ತೆರೆದುಕೊಳ್ಳುತ್ತದಲ್ಲ, ಆ ಗುರುತನ್ನು ಮಾತ್ರ ಎತ್ತಿ ತಂದು ಇದರಲ್ಲಿ ಹಾಕಿದ್ದರು. ನನಗೆ ತಡೆಯಲಾರದಷ್ಟು ನಗು ಬಂತು, ತಡೆಯಲೂ ಇಲ್ಲ.

"ಇದು ಊರಲ್ಲ ಯಜಮಾನ್ರೇ, ಊರಿಗೆ ದಾರಿ ತೋರ್ಸೋ ಬೋರ್ಡು. ಕಿಬ್ಬನಹಳ್ಳಿ ಕ್ರಾಸಿನಾಗೆ ತಿಪಟೂರು ಅಂತ ಬೋರ್ಡು ನಿಲ್ಸವ್ರಲ್ಲ, ಆ ಬೋರ್ಡ್ ಕಿತ್ಕೊಂಡ್ ಬಂದು, ತಿಪಟೂರು ನನ್ ಜೇಬಲ್ಲಿ ಭದ್ರವಾಗೈತೆ ಅಂತ ಪೂಜೆ ಮಾಡಿದ್ದೀರಿ."

"ಪ್ರತಿ ವರ್ಷ ಹೊಸದಾಗಿ ಹಾಕಿ ಇಟ್ಟಿದ್ನಲ್ಲಮ್ಮ! ದೇವರ ಪೆಟ್ಟಿಗೆನಾಗಿಟ್ಟು!"

"ಪ್ರತಿ ವರ್ಷ ಹೊಸ ಬೋರ್ಡು. ಒಂದ್ ಸಲನಾದ್ರೂ ತೆಗೆದು ನೋಡ್ಬಾರದಾ, ಒಳಗೆ ಏನೈತೆ ಅಂತ?"

ಅದಕ್ಕೆ ಅವರು ಕೊಟ್ಟ ಉತ್ತರ ನಮ್ಮ ಸೀಮೆಯವರು ಮಾತ್ರ ಕೊಡಬಹುದಾದ ಉತ್ತರ. "ಅಟ್ಟಕ್ಕೆ ಹಾಕಿದ ಕಾಯಿನ ಮಧ್ಯದಾಗೆ ಯಾರಾದ್ರೂ ಒಡೆದು ನೋಡ್ತಾರೇನಮ್ಮ?"

ನಿಜ. ಇಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹೆಚ್ಚುಕಡಿಮೆ ವರ್ಷ ತುಂಬುವ ತನಕ ಯಾರೂ ಕೈ ಹಚ್ಚುವುದಿಲ್ಲ. ನೀರು ಒಳಗೇ ಬತ್ತಿ, ತಿರುಳು ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗಿ ತಾನಾಗಿ ಅಲ್ಲಾಡಬೇಕು. ನಡುವೆ ಒಡೆದರೆ ಉಂಡೆಯೂ ಇಲ್ಲ, ಕೊಬ್ಬರಿಯೂ ಇಲ್ಲ. ಮುಟ್ಟದೆ ಬಿಡುವುದೇ ಕಾಪಾಡುವುದು ಎಂದು ಮೂರು ತಲೆಮಾರಿನಿಂದ ಕಲಿತವರು ಪೆನ್‌ಡ್ರೈವನ್ನೂ ಮುಟ್ಟದೆ ಬಿಟ್ಟಿದ್ದರು. ಒಂದೆರಡು ಸಲ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ್ದರೂ ಆಶ್ಚರ್ಯವಿಲ್ಲ.

"ಹಂಗಾದ್ರೆ ಊರು?" ಎಂದರು.

"ನಿಮ್ಮಕ್ಕನ ಮಗನ ಊರು ನಾನು ನಿಮ್ಮ ಮಂಡಿ ಕಂಪ್ಯೂಟರ್‌ನಲ್ಲಿ ಯಾಕೆ ಹುಡುಕ್ಬೇಕು ಯಜಮಾನ್ರೇ?"

ಅವರು ಸ್ಟೂಲಿನ ಮೇಲೆ ಕುಸಿದು ಕೂತರು. ಇಸ್ತ್ರಿ ಮುರಿಯಿತು. "ನಂದೇ ಕಣಮ್ಮ," ಎಂದರು. "ಮಧ್ಯಾಹ್ನ ಊಟ ಆದ್ಮೇಲೆ ಒಂದ್ ಗಳಿಗೆ. ಅಲ್ಲಿ ಯಾರೂ ರೇಟು ಕೇಳಾಕಿಲ್ಲ, ಯಾರೂ ಎಲೆಕ್ಷನ್‌ಗೆ ನಿಂತ್ಕೋ ಅನ್ನಾಕಿಲ್ಲ. ಬರೀ ಬಯಲು ಕೊಟ್ಟಿದ್ರು ನಂಗೆ, ಒಂದು ಮರ ಇತ್ತು ಅಷ್ಟೆ. ಕೆರೆ ತೋಡ್ದೆ, ಕಣಜ ಕಟ್ದೆ, ರಸ್ತೆ ಹಾಕ್ದೆ. ಮಂಡಿ ನಮ್ಮಪ್ಪ ಮಾಡಿದ್ದು, ತ್ವಾಟ ನಮ್ಮ ತಾತ ಇಟ್ಟಿದ್ದು. ನಾನು ನನ್ ಕೈಯಾರ ಕಟ್ಟಿದ್ದು ಅಂತ ಈ ಜನ್ಮದಾಗೆ ಇದ್ದಿದ್ದು ಅದೊಂದೇ ಕಣವ್ವಾ. ಹೆಂಗಾದ್ರೂ ತಂದುಕೊಡು."

ಅವರ ಕಣ್ಣಲ್ಲಿ ನೀರು ತುಂಬಿತ್ತು. ನನ್ನ ನಗು ಅಲ್ಲಿಗೆ ನಿಂತಿತು. ಮನುಷ್ಯ ನಿಜವಾಗಿ ಅಳುವುದಕ್ಕೂ ಭಾಷಣದಲ್ಲಿ ಗಂಟಲು ಕಟ್ಟಿಸಿಕೊಳ್ಳುವುದಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ. ಅಯ್ಯೋ ಪಾಪ ಎನಿಸಿತು. ಆಟವನ್ನು ಅವರೇ ಮತ್ತೆ ಹಾಕಿಕೊಂಡು ನೋಡಿದ್ದರಂತೆ, ಆಟ ಬಂತು, ಅದೇ ಬಯಲು, ಅದೇ ಒಂದು ಮರ. ಆಟ ಬೇರೆ, ಆಡಿದ್ದು ಬೇರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆಡಿ ಕಟ್ಟಿದ ಊರು ಆಟದ ಜೊತೆ ಇರುವುದಿಲ್ಲ. ಕಂಪ್ಯೂಟರಿನ ಒಳಗೆ, ಸುಮ್ಮನೆ ನೋಡಿದರೆ ಕಣ್ಣಿಗೂ ಬೀಳದ ಹಾಗೆ ಮರೆಮಾಡಿಟ್ಟ ಒಂದು ಫೋಲ್ಡರಿನಲ್ಲಿ ಕೂತಿರುತ್ತದೆ. ಅದನ್ನು ಎತ್ತಿಟ್ಟುಕೊಂಡರೆ ಊರು ಉಳಿದ ಹಾಗೆ. ಇಂಟರ್‌ನೆಟ್ಟಿನಲ್ಲಿ ತಾನಾಗಿ ಒಂದು ಪ್ರತಿ ಉಳಿಯುವ ವ್ಯವಸ್ಥೆಯೂ ಆ ಆಟಕ್ಕಿತ್ತು, ಆದರೆ ಅದಕ್ಕೆ ಹೆಸರು ಕೊಡಬೇಕು. ಬೆಟ್ಟಸ್ವಾಮಿಯವರು ಹೆಸರು ಕೊಡುತ್ತಾರೆಯೇ! ಪ್ರತಿ ಸಲ ಕೇಳಿದಾಗಲೂ ಬೇಡ ಎಂದು ಒತ್ತಿದ್ದರು.

ಮಂಡಿಗೆ ಹೋಗಿ ಕಂಪ್ಯೂಟರ್ ಬಿಚ್ಚಿ ನೋಡಿದೆ. ಹಳೆಯ ಕಾಲದ ತಿರುಗುವ ಡಿಸ್ಕಾಗಿದ್ದರೆ ಅಳಿಸಿದ್ದನ್ನೂ ಕೆದಕಿ ಕೆದಕಿ ತೆಗೆಯಬಹುದಿತ್ತು. ಈಗಿನ ಹೊಸ ಡಿಸ್ಕುಗಳಲ್ಲಿ ಅಳಿಸಿದ್ದು ಅಳಿಸಿದ್ದೇ. ಒಳಗೆ ತೊಳೆ ಎಂದಿದ್ದರು, ಚೆನ್ನಾಗಿಯೇ ತೊಳೆದಿದ್ದೆ. ಇಲ್ಲ ಎಂದು ಹೇಳಲು ತಲೆ ಎತ್ತಿದಾಗ ಗೋಡೆಯ ಮೇಲೆ ಒಂದು ದೊಡ್ಡ ಫೋಟೋ ಕಣ್ಣಿಗೆ ಬಿತ್ತು. ಬೆಟ್ಟಸ್ವಾಮಿಯವರು ತಮ್ಮ ಹಳೆಯ ಕಂಪ್ಯೂಟರನ್ನು ಮಾಯಸಂದ್ರದ ಆಚೆಯ ಒಂದು ಹಳ್ಳಿಯ ಗ್ರಂಥಾಲಯಕ್ಕೆ ದಾನ ಕೊಡುತ್ತಿರುವ ಫೋಟೋ. ಕಂಪ್ಯೂಟರಿಗಿಂತ ಬ್ಯಾನರು ದೊಡ್ಡದಿತ್ತು.

"ಯಜಮಾನ್ರೇ, ಆ ಹಳೇದ್ರಾಗೆ ಊರು ಇರ್ತದೆ."

"ಅದ್ರಾಗೆಲ್ಲೈತೆ? ನೀನೇ ಹೊಸದಕ್ಕೆ ಸಾಗ್ಸಿದ್ಯಲ್ಲಮ್ಮ."

"ಸಾಗ್ಸಿದ್ದಲ್ಲ, ನಕಲು ಮಾಡಿದ್ದು. ಲೆಕ್ಕ ಮಾತ್ರ ಅಳಿಸು ಅಂದಿದ್ರಿ, ಲೆಕ್ಕ ಮಾತ್ರ ಅಳಿಸಿದ್ದೆ. ಮಿಕ್ಕಿದ್ದು ಎರಡರಲ್ಲೂ ಇತ್ತು."

ಒಂದು ಅಟ್ಟದಿಂದ ಇಳಿಸಿದ ಕಾಯಿ ಇನ್ನೊಂದು ಅಟ್ಟಕ್ಕೆ ಹೋದಮೇಲೆ ಮೊದಲಿನ ಅಟ್ಟದಲ್ಲೂ ಇರುತ್ತದೆ ಎಂದರೆ ಕೊಬ್ಬರಿ ವ್ಯಾಪಾರಿ ನಂಬುವುದು ಹೇಗೆ? ಬಿಡಿಸಿ ಹೇಳಿದ ಮೇಲೆ ಅವರ ಮುಖ ಅರಳಿತು. ಮರುಕ್ಷಣವೇ ಬಾಡಿತು. "ಎರಡು ವರ್ಷದಿಂದ ಆ ಊರು ಕಂಡೋರ ಕೈನಾಗೈತಾ?" ಎಂದು ಎದ್ದು ನಿಂತರು.

ದಾನ ಕೊಟ್ಟ ಕಂಪ್ಯೂಟರಿನ ಸರ್ವೀಸು ಎಂದು ನೆಪ ಮಾಡಿಕೊಂಡು ನಾನು ಹೊರಟೆ. ಯಜಮಾನರೂ ಕಾರು ತೆಗೆದರು. ಬರಬೇಡಿ ಎಂದೆ, ಕೇಳಲಿಲ್ಲ. ತುರುವೇಕೆರೆ ದಾಟುವ ತನಕ, ತಮ್ಮ ಕೆರೆಗೆ ಯಾರಾದರೂ ಮಣ್ಣು ಮುಚ್ಚಿದ್ದರೆ ಏನು ಮಾಡುವುದು ಎಂದು ನನ್ನನ್ನು ಕೇಳುತ್ತಲೇ ಇದ್ದರು. ಅವರ ನಿಜವಾದ ತೋಟದ ಪಕ್ಕದ ಕೆರೆಯಲ್ಲಿ ಜಾಲಿ ಬೆಳೆದು ನಿಂತಿದೆ. ಅದರ ಬಗ್ಗೆ ಇಷ್ಟು ಸಂಕಟಪಟ್ಟಿದ್ದನ್ನು ಯಾರೂ ಕಂಡಿಲ್ಲ.

ಗ್ರಂಥಾಲಯ ಒಂದೇ ಕೋಣೆಯದು. ನೋಡಿಕೊಳ್ಳುವ ಹುಡುಗಿ ಇಂಪನಾ, ಮದುವೆಯಾಗಿ ಆ ಊರಿಗೆ ಬಂದವಳು, ಚುರುಕು. ಕಂಪ್ಯೂಟರಿನ ತಲೆಯ ಮೇಲೆ "ದಾನಿಗಳು ಶ್ರೀ ಬೆಟ್ಟಸ್ವಾಮಿಯವರು" ಎಂಬ ತಗಡು ಹೊಳೆಯುತ್ತಿತ್ತು. ಅದರ ಕೆಳಗೆ ಪರದೆಯ ಮೇಲೆ ಹೊಲ, ಕೆರೆ, ಹಂಚಿನ ಮನೆಗಳು, ಓಡಾಡುವ ಬೊಂಬೆ ಜನ. ಮುಂದೆ ಕುರ್ಚಿಯಲ್ಲಿ ಕೂತು ಆಡುತ್ತಿದ್ದವನು ಹಲ್ಲು ಉದುರಿದ ಒಬ್ಬ ಮುದುಕ. ಹಿಂದೆ ಸರದಿಗಾಗಿ ನಾಲ್ಕೈದು ಜನ ಹೆಂಗಸರು, ಗಂಡಸರು.

"ಮಾರಯ್ಯ, ಏಳಿ, ದಾನಿಗಳು ಬಂದವ್ರೆ," ಎಂದಳು ಇಂಪನಾ.

ಮುದುಕ ಎದ್ದು ಕೈಮುಗಿದ. "ನಿಮ್ಮ ಗೋಡೌನ್‌ನಾಗೇ ಕಾಯಿ ಸುಲೀತಿದ್ದೆ ಬುದ್ಧಿ. ಗುರ್ತು ಸಿಕ್ಕಿಲ್ವಾ?"

"ಸಿಕ್ತು, ಸಿಕ್ತು," ಎಂದರು ಯಜಮಾನರು. ಅವರ ಕಣ್ಣು ಮಾರಯ್ಯನ ಮೇಲಿರಲಿಲ್ಲ, ಪರದೆಯ ಮೇಲಿತ್ತು. ತಮ್ಮ ಊರಿನ ಒಂದೊಂದೇ ಮನೆಯನ್ನು ಕಣ್ಣಲ್ಲೇ ಎಣಿಸುತ್ತಿದ್ದರು.

ನಾನು ಕುರ್ಚಿ ಎಳೆದುಕೊಂಡು ಕೂತು, ಧೂಳು ಒರೆಸುವ ನಾಟಕ ಮಾಡುತ್ತಾ, ಮರೆಯಲ್ಲಿದ್ದ ಆ ಫೋಲ್ಡರನ್ನು ಹುಡುಕಿ ನನ್ನ ಡ್ರೈವಿಗೆ ನಕಲು ಮಾಡಿಕೊಂಡೆ. ಒಂದು ಇಡೀ ಊರು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದುಬಿಟ್ಟಿತು. ಅಷ್ಟು ಸಣ್ಣ ಫೈಲು. ಯಜಮಾನರು ಬಗ್ಗಿ ನನ್ನ ಕಿವಿಯಲ್ಲಿ, "ತಗೊಂಡ್ಮ್ಯಾಕೆ ಇಲ್ಲಿಂದ ಕಿತ್ತಾಕ್ಬುಡು. ಒಂದೂರಿಗೆ ಎರಡು ಯಜಮಾನಿಕೆ ಆಗಾಕಿಲ್ಲ," ಎಂದರು.

ನನ್ನ ಮೈ ಉರಿಯಿತು. ಇಷ್ಟು ಹೊತ್ತು ಪಾಪ ಎಂದುಕೊಂಡಿದ್ದೆನಲ್ಲ, ಅದಕ್ಕೆ ನನ್ನನ್ನೇ ಬೈದುಕೊಂಡೆ. ಒಂದು ನಕಲು ಇಲ್ಲೂ ಉಳಿದರೆ ಇವರಿಗೆ ಏನು ಕಡಿಮೆಯಾಗುತ್ತದೆ? ಇವರ ಊರೂ ಇರುತ್ತದೆ, ಅವರ ಊರೂ ಇರುತ್ತದೆ. ಆದರೆ ಇನ್ನೊಬ್ಬರ ಹತ್ತಿರ ಇದ್ದರೆ ತನ್ನದು ಪೂರ್ತಿ ತನ್ನದಲ್ಲ ಎನಿಸುವ ಜನಕ್ಕೆ ಇದನ್ನು ಯಾವ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುವುದು? ನಕಲು ಆಯಿತೆಂದು ಹೇಳಲು ತೆರೆದ ಬಾಯಿಯನ್ನು ಮುಚ್ಚಿಕೊಂಡೆ.

ಅಷ್ಟರಲ್ಲಿ ಮಾರಯ್ಯ ಹುಮ್ಮಸ್ಸಿನಿಂದ ಪರದೆಗೆ ಬೆರಳು ತೋರಿಸಿ ದಾನಿಗಳಿಗೆ ಊರು ಪರಿಚಯ ಮಾಡಿಸತೊಡಗಿದ.

"ನೀವು ಈ ಪೆಟ್ಟಿಗೆ ಕೊಟ್ಟಾಗ್ಲೇ ಇದ್ರಾಗೆ ಈ ಊರಿತ್ತು ಬುದ್ಧಿ. ಯಾವನೋ ಭಾರಿ ಜಿಪುಣ ಕಟ್ಟಿದ್ದು. ಕಣಜ ತುಂಬಿ ಚೆಲ್ತಾ ಇತ್ತು, ಜನದ ತಲೆ ಮ್ಯಾಲೆ ನೋಡಿದ್ರೆ ಎಲ್ರುಗೂ ಖಾಲಿ ತಟ್ಟೆ. ಹೊಟ್ಟೆ ಹಸಿದ್ರೆ ಇದ್ರಾಗೆ ತಲೆ ಮ್ಯಾಲೆ ತಟ್ಟೆ ಬತ್ತೈತೆ. ಕೆರೆ ತೋಡಿ ಕೆರೆ ಸುತ್ತಾನೂ ಗ್ವಾಡೆ! ನೀರು ಅವನ ಮನೆ ಒಳಗಡೆಗೆ ಮಾತ್ರ."

"ಊರ ಸುತ್ತಾನೂ ಗ್ವಾಡೆ, ಒಂದೇ ಬಾಗ್ಲು," ಎಂದು ಹಿಂದಿನಿಂದ ಒಬ್ಬ ಹೆಂಗಸು ಸೇರಿಸಿದಳು. "ನಾವು ಮೊದಲ್ನೇ ದಿನ ಮಾಡಿದ್ದೇ ಆ ಗ್ವಾಡೆ ಕೆಡವಿದ್ದು."

"ಆಮ್ಯಾಕೆ ಕಣಜದ ಬಾಗ್ಲು ತೆಗ್ದೋ. ಇವಾಗ ಒಂದು ತಲೆ ಮ್ಯಾಲೂ ತಟ್ಟೆ ಇಲ್ಲ ನೋಡಿ. ನಮ್ ನಮ್ ಹೆಸರೇ ಇಟ್ಕಂಡಿದ್ದೀವಿ. ಇಗಾ, ಕೆರೆ ಏರಿ ಮ್ಯಾಲೆ ಕುಂತವ್ನಲ್ಲ, ಅವ್ನು ನಾನು. ಆ ಜಿಪುಣನ ಮಹಡಿ ಮನೆ ಇತ್ತಲ್ಲ, ಅದ್ರಾಗೆ ಈಗ ದನ ಕಟ್ಟುತೀವಿ."

ಎಲ್ಲರೂ ನಕ್ಕರು. ಬೆಟ್ಟಸ್ವಾಮಿಯವರ ಮುಖದಲ್ಲಿ ವಿಭೂತಿ ಬಿಟ್ಟು ಉಳಿದದ್ದೆಲ್ಲ ಕೆಂಪಾಗಿತ್ತು.

"ಅಷ್ಟ್ ಎತ್ರದ ಗ್ವಾಡೆ ಯಾಕೆ ಕಟ್ಟಿದ್ನೋ ಪಾಪಿ," ಎಂದ ಮಾರಯ್ಯ.

"ಗ್ವಾಡೆ ಹಂದಿಗೆ ಕಣಲೇ!" ಎಂದು ಬೆಟ್ಟಸ್ವಾಮಿಯವರು ಕಿರುಚಿದರು. "ಬಡಗಲ ಕಾಡಿಂದ ಹಂದಿ ನುಗ್ತವೆ! ಗ್ವಾಡೆ ಇಲ್ದಿದ್ರೆ ಸುಗ್ಗಿ ಹೊತ್ಗೆ ಒಂದ್ ತೆನೆ ಉಳಿಯಾಕಿಲ್ಲ!"

ಎಲ್ಲರೂ ಪರದೆ ಬಿಟ್ಟು ದಾನಿಗಳ ಕಡೆ ತಿರುಗಿದರು. ಇಂಪನಾ ಕನ್ನಡಕ ಸರಿಮಾಡಿಕೊಂಡಳು.

"ಸುಗ್ಗಿಗೆ ಹಂದಿ ಬರೋದು ನಿಮಗೆ ಹೆಂಗೆ ಗೊತ್ತು ಸಾರ್?"

ಒಂದು ಮಾತು ಸಾಕಿತ್ತು. ನಂದೇ ಕಣಮ್ಮ ಎಂದು ನನ್ನ ಅಂಗಡಿಯಲ್ಲಿ ಅಂದರಲ್ಲ, ಅಷ್ಟೇ ಮಾತು. ಅಂದಿದ್ದರೆ ಎಲ್ಲರೂ ಒಂದು ಗಳಿಗೆ ನಗುತ್ತಿದ್ದರು, ಆಮೇಲೆ ಅದೇ ಮಾರಯ್ಯ ಕುರ್ಚಿ ಬಿಟ್ಟುಕೊಟ್ಟು, ಕೂತ್ಕೊಳಿ ಬುದ್ಧಿ, ಹಂದಿಗೆ ಏನ್ ಮಾಡೋದು ಹೇಳ್ಕೊಡಿ ಎನ್ನುತ್ತಿದ್ದ. ಹಂದಿ ಕಾಟ ಅವರಿಗೂ ಇದ್ದೇ ಇತ್ತು. ನಾನು ಯಜಮಾನರ ಮುಖವನ್ನೇ ನೋಡುತ್ತಿದ್ದೆ. ಹೇಳಿಬಿಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅವರು ಶಾಲು ಸರಿಮಾಡಿಕೊಂಡರು. ಅಲ್ಲಿಗೆ ಎಲ್ಲ ಮುಗಿಯಿತೆಂದು ನನಗೆ ಗೊತ್ತಾಯಿತು.

"ನಾನು ಇವುಗಳ ಬಗ್ಗೆ ಅಧ್ಯಯನ ಮಾಡಿದ್ದೀನಮ್ಮ," ಎಂದು ವೇದಿಕೆಯ ದನಿ ತೆಗೆದರು. "ಶತ್ರುವನ್ನು ಗೆಲ್ಲಬೇಕಾದರೆ ಶತ್ರುವನ್ನು ಅರಿತಿರಬೇಕು. ಜ್ಞಾನಕ್ಕೆಂದು ಕೊಟ್ಟ ಯಂತ್ರದಲ್ಲಿ ಹಂದಿ ಓಡಿಸುತ್ತಾ ಕೂರುವುದೇ? ದುಡಿದು ಬದುಕಿದ ಈ ಹಿರಿಯರೂ ಬೆರಳಿನ ಆಟಕ್ಕೆ ಬಿದ್ದರೆ..." ಘೋಷಣೆ ತಾನಾಗಿಯೇ ಬಾಯಿಗೆ ಬಂತು. ಅಭ್ಯಾಸವಾಗಿದ್ದ ಒಬ್ಬಿಬ್ಬರು ಹಿಂದಿನಿಂದ, "ಬೆವರಿನ ಊಟ ಮಾಡಿ," ಎಂದು ಮುಗಿಸಿಯೂ ಕೊಟ್ಟರು.

ಇಂಪನಾ ಕೈಕಟ್ಟಿಕೊಂಡು ಪೂರ್ತಿ ಕೇಳಿದಳು. ಆಮೇಲೆ ಬಂದು ಮೌಸ್ ಹಿಡಿದಳು. "ನೀವು ಕೊಟ್ಟಿರೋ ಕಂಪ್ಯೂಟರ್ ಸಾರ್, ನಿಮ್ಮ ಮಾತು ಮೀರಾಕಾಯ್ತದಾ? ಹೇಳಿ, ಅಳಿಸ್ಬುಡ್ಲಾ?"

ಅವಳ ತುಟಿಯ ಕೊನೆಯಲ್ಲಿ ಏನೋ ಇತ್ತು. ಅವಳಿಗೆ ಎಲ್ಲ ಅರ್ಥವಾಗಿತ್ತು ಎಂದು ನನಗೆ ಅರ್ಥವಾಯಿತು. ಯಜಮಾನರಿಗೆ ಅರ್ಥವಾಗಲಿಲ್ಲ. ಅವರು ನನ್ನತ್ತ ನೋಡಿದರು. ನಕಲು ಆಗಿದೆಯೇ ಎಂದು ಕಣ್ಣಿನಲ್ಲೇ ಕೇಳಿದರು. ನಾನು ಕೀಬೋರ್ಡಿನ ಧೂಳು ಊದಿದೆ.

"ಅಳಿಸಲಾ ಸಾರ್?"

ಕೆರೆ, ರಸ್ತೆ, ಕಣಜ, ಕೈಯಾರ ಕಟ್ಟಿದ ಒಂದೇ ಒಂದು ಊರು. ಈ ಭೂಮಿಯ ಮೇಲೆ ಅದರ ಪ್ರತಿ ಇನ್ನೆಲ್ಲೂ ಇಲ್ಲ ಎಂದೇ ಅವರು ನಂಬಿದ್ದರು. ಎದುರಿಗೆ ಕಾಯಿ ಸುಲಿಯುತ್ತಿದ್ದ ಒಬ್ಬ ಮುದುಕ, ನಾಲ್ಕೈದು ಜನ ಹೆಂಗಸರು ಗಂಡಸರು. ಇವರ ಮುಂದೆ ಮಾನ ಉಳಿಸಿಕೊಳ್ಳುವುದಕ್ಕೆ ಬೆಟ್ಟಸ್ವಾಮಿಯವರು, "ಅಳಿಸಮ್ಮ," ಎಂದರು.

ಅವಳು ಅಳಿಸಿದಳು. ಯಜಮಾನರೇ ಮೊದಲು ಚಪ್ಪಾಳೆ ತಟ್ಟಿದರು.

ಯಜಮಾನರು ಕಾರಿನ ಕಡೆ ಹೋದಮೇಲೆ ನಾನು ವೈರು ಸುತ್ತುವ ನೆಪದಲ್ಲಿ ಹಿಂದೆ ಉಳಿದೆ. ಇಂಪನಾ ಮೆಲ್ಲಗೆ ಹೇಳಿದಳು, "ಗಾಬರಿ ಆಗ್ಬೇಡಿ ಅಕ್ಕ. ಇಲ್ಲಿ ಆಡೋರು ಒಬ್ಬರಲ್ಲ ಒಬ್ಬರು ಆಟದಾಗೆ ಊರಿಗೆ ಬೆಂಕಿ ಇಡ್ತಾನೇ ಇರ್ತಾರೆ. ಮೂರು ಕಡೆ ಎತ್ತಿಟ್ಟಿದ್ದೀನಿ. ತೆಗೆದು ನೋಡೂ ನೋಡ್ತೀನಿ, ಸರಿಯಾಗೈತಾ ಅಂತ. ನಿಮ್ ಕಾರು ಕೆರೆ ಏರಿ ದಾಟ್ಲಿ, ವಾಪಸ್ ಹಾಕ್ತೀನಿ." ಮಾರಯ್ಯ ಆಗಲೇ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದ.

ಕಾರಿನಲ್ಲಿ ಬೆಟ್ಟಸ್ವಾಮಿಯವರು ಅತ್ತರು. ಸ್ಟೇರಿಂಗ್ ಹಿಡಿದುಕೊಂಡು, ಕಣ್ಣು ಒರೆಸಿಕೊಳ್ಳದೆ, ದೊಡ್ಡ ದನಿಯಲ್ಲಿ ಅತ್ತರು. ತುರುವೇಕೆರೆ ಬರುವ ತನಕ ಅಳಲಿ ಎಂದು ಬಿಟ್ಟೆ. ಕಲ್ಲುಮನಸ್ಸು ಎನ್ನುವವರು ಎನ್ನಲಿ, ಮಾರಯ್ಯನ ಗುರುತು ಸಿಕ್ಕಿತು ಎಂದು ಮುಖವನ್ನೂ ನೋಡದೆ ಹೇಳಿದ್ದು ನನ್ನ ಎದೆಯಲ್ಲಿ ಚುಚ್ಚುತ್ತಲೇ ಇತ್ತು. ಪೇಟೆ ಬಂದಮೇಲೆ ಡ್ರೈವ್ ತೆಗೆದು ಅವರ ಮುಂದೆ ಹಿಡಿದೆ.

ಕಾರು ಪಕ್ಕಕ್ಕೆ ನಿಂತಿತು. ಡ್ರೈವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ದೇವರಂಥೋಳು ಕಣವ್ವಾ ನೀನು ಎಂದರು. ಶಾಲಿನಲ್ಲಿ ಮೂಗು ಒರೆಸಿಕೊಂಡು ಮೊದಲು ಕೇಳಿದ ಪ್ರಶ್ನೆ, "ಅವ್ರ ತಾವ ಇಲ್ಲ ತಾನೆ ಈಗ?"

"ನೀವೇ ಅಳಿಸು ಅಂದ್ರಲ್ಲ," ಎಂದೆ.

ಮಂಡಿಯ ಕಂಪ್ಯೂಟರಿಗೆ ಊರನ್ನು ಹಾಕಿಕೊಟ್ಟೆ. ಫೈಲು ಇರುವ ಜಾಗ ತೋರಿಸಿದೆ. ಎರಡು ಬೇರೆ ಬೇರೆ ಕಡೆ ಎತ್ತಿಡಿ, ಆಗಾಗ ತೆಗೆದು ನೋಡಿ, ಇದು ಕಾಯಲ್ಲ ಎಂದು ಹೇಳಿದೆ. ಊರು ಈಗ ಹೇಗಿದೆಯೋ ಹಾಗೇ ಬಂದಿದೆ, ಗೋಡೆ ಇಲ್ಲ, ಮಹಡಿ ಮನೆ ಕೊಟ್ಟಿಗೆಯಾಗಿದೆ, ಆದರೆ ಜನ ಚೆನ್ನಾಗಿದ್ದಾರೆ ಎಂದೂ ಹೇಳಿದೆ. ಅವರು ಹೂಂ ಹೂಂ ಎನ್ನುತ್ತಾ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು.

ಮುಂದಿನ ವಾರ ಫೋನ್ ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದರು.

"ಎಲ್ಲಾ ಸರಿ ಮಾಡ್ಕಂಡೆ ಕಣಮ್ಮ. ಗ್ವಾಡೆ ಎಬ್ಬಿಸ್ದೆ, ಮೊದ್ಲಿಗಿಂತ ಎತ್ರ. ಕಣಜಕ್ಕೆ ಬಾಗ್ಲು ಹಾಕ್ದೆ. ದನ ಹೊರಗಾಕಿ ಮನೆ ಗುಡಿಸ್ದೆ. ಒಂದೇ ಒಂದು ತೊಂದ್ರೆ."

"ಏನ್ ಯಜಮಾನ್ರೇ?"

"ಆ ಮಾರಯ್ಯ. ಬಾಗ್ಲ ಮುಂದೇನೇ ನಿಂತವ್ನೆ ಕಣಮ್ಮ, ತಲೆ ಮ್ಯಾಲೆ ತಟ್ಟೆ ಇಟ್ಕಂಡು. ಹೊಲಕ್ಕೆ ಕಳಿಸಿದ್ರೂ ಬಂದು ಅಲ್ಲೇ ನಿಂತ್ಕತಾನೆ. ಹೆಸರು ಬದಲಾಯ್ಸಿ ನೋಡ್ದೆ, ಅಂವಾ ಅಲ್ಲೇ ಅವ್ನೆ. ರಾತ್ರಿ ಮಲಗಿದ್ರೂ ಕಣ್ಣಿಗೆ ಕಟ್ತಾನೆ. ಅವ್ನ ಒಬ್ಬನ್ನ ತೆಗೆಯಾದು ಹೆಂಗಮ್ಮ?"

"ಕಣಜದ ಬಾಗ್ಲು ತೆಗೀರಿ. ಉಂಡು ಹೋಯ್ತಾನೆ."

ಆ ಕಡೆಯಿಂದ ಆಟದೊಳಗಿನ ಕೋಳಿ ಕೊಕ್ಕೊಕ್ಕೋ ಎಂದದ್ದು ಕೇಳಿಸಿತು.

"ಅದನ್ನ ಬುಟ್ಟು ಬೇರೆ ಏನಾದ್ರೂ ದಾರಿ ಇದ್ರೆ ಹೇಳಮ್ಮ," ಎಂದರು ಬೆಟ್ಟಸ್ವಾಮಿಯವರು.